ಕಡಿತವಾದ ತೆರಿಗೆಯನ್ನೇ ಮತ್ತೆ ಕಟ್ಟಿ ಎಂದು ನೋಟಿಸು ಬಂದಾಗ

ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಕೆಲವು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮೊಬೈಲಿಗೆ ಒಂದು ಸಂದೇಶವೂ ಇಮೇಲಿಗೆ ಒಂದು ಪಿಡಿಎಫ್ ಕಡತವೂ ಬರುತ್ತವೆ. ಬಾಕಿ ಏನೂ ಇಲ್ಲವೆಂದು ನೆಮ್ಮದಿಯಿಂದಿದ್ದವರಿಗೆ ಅದರ ಕೊನೆಯ ಸಾಲಿನಲ್ಲಿ ಹತ್ತು ಹದಿನೈದು ಸಾವಿರ ರೂಪಾಯಿಯ ತೆರಿಗೆ ಬಾಕಿ ಕಾಣಿಸುತ್ತದೆ. ಹೀಗೆ ಗಾಬರಿಗೊಳ್ಳುವವರಲ್ಲಿ ಮಂಡ್ಯ ಜಿಲ್ಲೆಯ ಸರ್ಕಾರಿ ಶಾಲೆಗಳ ಶಿಕ್ಷಕರಿದ್ದಾರೆ, ಮೈಸೂರಿನಲ್ಲಿ ನೆಲೆಸಿರುವ ನಿವೃತ್ತ ನೌಕರರಿದ್ದಾರೆ, ಬ್ಯಾಂಕ್ ಠೇವಣಿಯ ಬಡ್ಡಿಯನ್ನೇ ನಂಬಿರುವ ಹಿರಿಯರಿದ್ದಾರೆ. ಇವರಲ್ಲಿ ಬಹುಮಂದಿ ತೆರಿಗೆಯ ಹಣವನ್ನು ಕೈಯಲ್ಲಿ ಮುಟ್ಟಿದವರೇ ಅಲ್ಲ. ಸಂಬಳವೋ ಬಡ್ಡಿಯೋ ಖಾತೆಗೆ ಬೀಳುವ ಮೊದಲೇ ಅದು ಕಡಿತವಾಗಿರುತ್ತದೆ. ಹಾಗಿದ್ದೂ ಬಾಕಿ ಹೇಗೆ ಹುಟ್ಟಿತು, ಅದು ಬೇರೊಬ್ಬರ ತಪ್ಪಿನಿಂದ ಆದದ್ದಾದರೆ ಯಾರ ಮುಂದೆ, ಎಷ್ಟು ದಿನದೊಳಗೆ, ಯಾವ ದಾಖಲೆಯಿಟ್ಟು ಪ್ರಶ್ನಿಸಬೇಕು ಎಂಬುದನ್ನು ಇಲ್ಲಿ ಬುಡದಿಂದ ವಿವರಿಸಲಾಗಿದೆ.

ಒಂದು ವಿಷಯವನ್ನು ಮೊದಲೇ ಹೇಳಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಅಂದರೆ 2025ರ ಕಾಯ್ದೆ, ಜಾರಿಯಲ್ಲಿದೆ. ಆದರೆ ಅದಕ್ಕೂ ಹಿಂದಿನ ವರ್ಷಗಳ ಆದಾಯದ ಲೆಕ್ಕಕ್ಕೆ 1961ರ ಕಾಯ್ದೆಯೇ ಅನ್ವಯಿಸುತ್ತದೆ. ಈ ಲೇಖನದಲ್ಲಿ ಬರುವ ಕಲಂ ಸಂಖ್ಯೆಗಳೆಲ್ಲ 1961ರ ಕಾಯ್ದೆಯವು.

ನೋಟಿಸು ಎಲ್ಲಿಂದ ಬರುತ್ತದೆ

ದೇಶದ ಯಾವ ಮೂಲೆಯಿಂದ ಸಲ್ಲಿಸಿದ ರಿಟರ್ನ್ ಆದರೂ ಮೊದಲು ಪರಿಶೀಲನೆಯಾಗುವುದು ಬೆಂಗಳೂರಿನಲ್ಲಿರುವ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ. ಇದನ್ನು ಆಡಿಟರುಗಳು ಚಿಕ್ಕದಾಗಿ ಸಿಪಿಸಿ ಎನ್ನುತ್ತಾರೆ. ಅಲ್ಲಿ ಅಧಿಕಾರಿಯೊಬ್ಬರು ಕುಳಿತು ನಿಮ್ಮ ರಿಟರ್ನನ್ನು ಓದಿ ತೀರ್ಮಾನ ಕೊಡುವುದಿಲ್ಲ. ನೀವು ಬರೆದ ಅಂಕಿಗಳನ್ನೂ ನಿಮ್ಮ ಬಗ್ಗೆ ಬೇರೆಯವರು ಇಲಾಖೆಗೆ ಕೊಟ್ಟಿರುವ ಅಂಕಿಗಳನ್ನೂ ಕಂಪ್ಯೂಟರ್ ತಾಳೆ ನೋಡುತ್ತದೆ. ಎರಡೂ ಹೊಂದಿಕೆಯಾದರೆ ರಿಟರ್ನ್ ಅಂಗೀಕಾರವಾಗುತ್ತದೆ. ಹೊಂದದಿದ್ದರೆ ವ್ಯತ್ಯಾಸದ ಮೊತ್ತ ಬಾಕಿಯಾಗಿ ನಿಲ್ಲುತ್ತದೆ. ಈ ಫಲಿತಾಂಶವನ್ನು ತಿಳಿಸುವ ಪತ್ರಕ್ಕೆ 143(1) ಕಲಂನ ಸೂಚನಾಪತ್ರ ಎಂದು ಹೆಸರು, ಬಳಕೆಯಲ್ಲಿ ಇಂಟಿಮೇಷನ್. ರಿಟರ್ನ್ ಸಲ್ಲಿಸಿದ ಆರ್ಥಿಕ ವರ್ಷ ಮುಗಿದ ಮೇಲೆ ಒಂಬತ್ತು ತಿಂಗಳೊಳಗೆ ಇದನ್ನು ಕಳಿಸಬೇಕು. ಅಂದರೆ 2025ರ ಸೆಪ್ಟೆಂಬರಿನಲ್ಲಿ ರಿಟರ್ನ್ ಸಲ್ಲಿಸಿದವರಿಗೆ 2026ರ ಡಿಸೆಂಬರ್ 31ರವರೆಗೂ ಇದು ಬರಬಹುದು.

ಆದ್ದರಿಂದ ಇಂಟಿಮೇಷನ್ ಕೈಗೆ ಬಂದಾಕ್ಷಣ ತಾವು ತೆರಿಗೆ ತಪ್ಪಿಸಿದ ಆರೋಪ ಹೊತ್ತಿದ್ದೇವೆಂದು ಭಾವಿಸಬೇಕಾಗಿಲ್ಲ. ಎರಡು ದಾಖಲೆಗಳು ತಾಳೆಯಾಗಿಲ್ಲ ಎಂಬುದಷ್ಟೇ ಅದರ ಅರ್ಥ. ಯಾವ ದಾಖಲೆ ತಪ್ಪು ಎಂಬ ಪ್ರಶ್ನೆ ಇನ್ನೂ ತೆರೆದೇ ಇರುತ್ತದೆ. ಆದರೆ ಅದಕ್ಕೆ ಕಾನೂನಿನ ಬಲ ಇಲ್ಲವೆಂದೂ ತಿಳಿಯಬಾರದು. ಬಾಕಿ ತೋರಿಸಿರುವ ಇಂಟಿಮೇಷನ್ ತಾನಾಗಿಯೇ 156ನೇ ಕಲಂನ ಬೇಡಿಕೆ ನೋಟಿಸು ಎನಿಸಿಕೊಳ್ಳುತ್ತದೆ, ಮತ್ತು ಅದು ತಲುಪಿದ ದಿನದಿಂದ 30 ದಿನಗಳ ಗಡುವು ಓಡಲಾರಂಭಿಸುತ್ತದೆ.

ಕಡಿತವಾದ ಹಣ ದಾರಿ ತಪ್ಪುವುದು ಎಲ್ಲಿ

ಮೂಲದಲ್ಲೇ ತೆರಿಗೆ ಕಡಿತ, ಅಂದರೆ ಟಿಡಿಎಸ್, ಇಬ್ಬರ ಕೈ ದಾಟಿ ನಿಮ್ಮ ಖಾತೆಗೆ ಸೇರುತ್ತದೆ. ಕಡಿತ ಮಾಡಿದವರು ಹಣವನ್ನು ಸರ್ಕಾರಕ್ಕೆ ಕಟ್ಟಬೇಕು. ಆಮೇಲೆ ಅದು ಯಾರ ಹಣ ಎಂಬ ವಿವರವನ್ನು ಪ್ಯಾನ್ ಸಂಖ್ಯೆಯೊಂದಿಗೆ ಪ್ರತ್ಯೇಕವಾಗಿ ಸಲ್ಲಿಸಬೇಕು. ಮಂಡ್ಯದ ಹಳ್ಳಿಗಳಲ್ಲಿ ಬೆಳಗ್ಗೆ ಡೇರಿಗೆ ಹಾಲು ಹಾಕುವವರಿಗೆ ಇದು ಸುಲಭವಾಗಿ ಅರ್ಥವಾದೀತು. ನೀವು ಹಾಕಿದ ಹಾಲು ಕ್ಯಾನಿಗೆ ಸೇರಿ ಲಾರಿ ಹತ್ತಿ ಹೋಗಿರುತ್ತದೆ, ಆದರೆ ಬರೆಯುವವರು ನಿಮ್ಮ ಸದಸ್ಯ ಸಂಖ್ಯೆಯ ಬದಲು ಬೇರೆ ಸಂಖ್ಯೆ ನಮೂದಿಸಿದರೆ ಬಟವಾಡೆಯ ದಿನ ನಿಮ್ಮ ಹೆಸರಿನಲ್ಲಿ ಹಾಲೇ ಇರುವುದಿಲ್ಲ. ಹಾಲು ಕಳೆದಿಲ್ಲ, ಲೆಕ್ಕ ತಪ್ಪಿದೆ. ಟಿಡಿಎಸ್ ವಿಷಯದಲ್ಲಿಯೂ ಹಣ ಖಜಾನೆ ಸೇರಿದ್ದು, ನಿಮ್ಮ ಪ್ಯಾನ್‌ಗೆ ಮಾತ್ರ ಜಮೆಯಾಗದೆ ಉಳಿಯುವುದು ಸಾಮಾನ್ಯ.

ರಾಜ್ಯ ಸರ್ಕಾರಿ ನೌಕರರ ಸಂಬಳದಲ್ಲಿ ಈ ಹಾದಿ ಇನ್ನೂ ಒಂದು ತಿರುವು ಪಡೆಯುತ್ತದೆ. ಖಾಸಗಿ ಕಂಪನಿ ಬ್ಯಾಂಕಿನಲ್ಲಿ ಚಲನ್ ಮೂಲಕ ಹಣ ಕಟ್ಟುತ್ತದೆ. ಸರ್ಕಾರಿ ಕಚೇರಿಯಲ್ಲಿ ಹಾಗಲ್ಲ. ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿ ಸಂಬಳ ಬಿಲ್ಲು ತಯಾರಾಗುವಾಗಲೇ ತೆರಿಗೆ ಕಡಿತವಾಗಿ ಖಜಾನೆಯ ಮಟ್ಟದಲ್ಲಿ ಪುಸ್ತಕ ಹೊಂದಾಣಿಕೆಯ ಮೂಲಕ, ಅಂದರೆ ಬ್ಯಾಂಕಿಗೆ ಹಣ ಕಟ್ಟದೆ ಲೆಕ್ಕಪುಸ್ತಕದಲ್ಲೇ, ಜಮೆಯಾಗುತ್ತದೆ. ಆ ತಿಂಗಳು ಯಾವ ಕಚೇರಿಯಿಂದ ಎಷ್ಟು ತೆರಿಗೆ ಕಡಿತವಾಯಿತೆಂಬ ಒಟ್ಟು ಲೆಕ್ಕವನ್ನು ಖಜಾನೆ ಅಥವಾ ಲೆಕ್ಕಪತ್ರ ಕಚೇರಿ 24ಜಿ ನಮೂನೆಯಲ್ಲಿ ಸಲ್ಲಿಸುತ್ತದೆ. ಅದಕ್ಕೆ ಪ್ರತಿಯಾಗಿ ಬಿಐಎನ್ ಎಂಬ ಗುರುತು ಸಂಖ್ಯೆ ಹುಟ್ಟುತ್ತದೆ. ಸಂಬಳ ಬಟವಾಡೆ ಮಾಡುವ ಅಧಿಕಾರಿ, ಅಂದರೆ ಡಿಡಿಒ, ಆ ಬಿಐಎನ್ ಸಂಖ್ಯೆಯನ್ನು ನಮೂದಿಸಿ, ಪ್ರತಿ ನೌಕರರ ಪ್ಯಾನ್, ಸಂಬಳ, ಕಡಿತದ ವಿವರವಿರುವ 24ಕ್ಯೂ ನಮೂನೆಯನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬೇಕು. ಈ ಎರಡು ಲೆಕ್ಕಗಳು ಕೂಡಿಬಂದಾಗ ಮಾತ್ರ ನೌಕರರ ಹೆಸರಿಗೆ ಹಣ ಖಚಿತವಾಗಿ ನಿಲ್ಲುತ್ತದೆ. ಬಿಐಎನ್ ತಪ್ಪಾದರೆ, ಪ್ಯಾನ್‌ನ ಹತ್ತು ಅಕ್ಷರ ಅಂಕಿಗಳಲ್ಲಿ ಒಂದು ಹೆಚ್ಚುಕಡಿಮೆಯಾದರೆ, ಅಥವಾ ಆ ತ್ರೈಮಾಸಿಕದ 24ಕ್ಯೂ ಸಲ್ಲಿಕೆಯೇ ಆಗದಿದ್ದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಂಡ್ಯ ಜಿಲ್ಲೆಯ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರಿಗೆ 2024–25ರಲ್ಲಿ ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000 ರೂಪಾಯಿ ತೆರಿಗೆ ಕಡಿತವಾಗಿದೆ. ಅವರು ಕಟ್ಟಬೇಕಾದ ತೆರಿಗೆಯೂ ಅಷ್ಟೇ. ಡಿಸೆಂಬರ್ ಕೊನೆಗೆ ಅವರು ಬೇರೆ ತಾಲ್ಲೂಕಿಗೆ ವರ್ಗವಾಗಿದ್ದಾರೆ. ಹಳೆಯ ಕಚೇರಿ ಮೂರು ತ್ರೈಮಾಸಿಕಗಳ ವಿವರವನ್ನು ಸರಿಯಾಗಿ ಸಲ್ಲಿಸಿದೆ. ಹೊಸ ಕಚೇರಿಯ ಜನವರಿ–ಮಾರ್ಚ್ ಪಟ್ಟಿಯಲ್ಲಿ ಇವರ ಹೆಸರು ಸೇರದೆ ಹೋಗಿದೆ. ಸಂಬಳ ಚೀಟಿಯಲ್ಲಿ ಕಡಿತ ಕಾಣುತ್ತದೆ, ಕೈಗೆ ಬಂದ ಸಂಬಳವೂ ಅಷ್ಟು ಕಡಿಮೆಯಾಗಿದೆ, ಆದರೆ ಇಲಾಖೆಯ ದಾಖಲೆಯಲ್ಲಿ ಇರುವುದು 36,000 ಮಾತ್ರ. ಸಿಪಿಸಿ ಉಳಿದ 12,000ವನ್ನು ಬಾಕಿ ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ಮುಂಗಡ ತೆರಿಗೆ ಕಟ್ಟಿಲ್ಲವೆಂದು 234ಬಿ ಮತ್ತು 234ಸಿ ಕಲಂಗಳಡಿ ಬಡ್ಡಿ ಸೇರಿಸಿ ಬೇಡಿಕೆಯನ್ನು 13 ಸಾವಿರ ದಾಟಿಸುತ್ತದೆ. ಬೇರೊಬ್ಬರು ಮಾಡದ ಕೆಲಸಕ್ಕೆ ಈ ಶಿಕ್ಷಕಿಯ ಮೇಲೆ ಬಡ್ಡಿಯೂ ಬಿದ್ದಂತಾಯಿತು. ನೋವಾಗುವುದು ಸಹಜ, ಆದರೆ ತಪ್ಪು ಎಲ್ಲಿದೆ ಎಂದು ನಿಖರವಾಗಿ ತೋರಿಸಬಹುದಾದ ಪ್ರಕರಣವಿದು, ಆದ್ದರಿಂದ ಸರಿಪಡಿಸಬಹುದಾದದ್ದೂ ಹೌದು.

ತಪ್ಪಿನ ಬೇರೆ ರೂಪಗಳೂ ಇವೆ. ಗಂಡ ಹೆಂಡತಿಯ ಜಂಟಿ ಠೇವಣಿಯ ಬಡ್ಡಿಯನ್ನು ಬ್ಯಾಂಕು ಮೊದಲ ಹೆಸರಿನವರಿಗೇ ಪೂರ್ತಿ ತೋರಿಸಿರಬಹುದು, ಅಥವಾ ಒಂದೇ ಬಡ್ಡಿ ಎರಡು ಸಲ ವರದಿಯಾಗಿರಬಹುದು. ರಸ್ತೆಗೋ ನಾಲೆಗೋ ಜಮೀನು ಬಿಟ್ಟುಕೊಟ್ಟ ರೈತರ ವಿಷಯದಲ್ಲಿ, 194ಎಲ್‌ಎ ಕಲಂನಡಿ ಕೃಷಿ ಭೂಮಿಯ ಪರಿಹಾರಕ್ಕೆ ತೆರಿಗೆ ಕಡಿತ ಮಾಡುವಂತೆಯೇ ಇಲ್ಲದಿದ್ದರೂ, ಕಚೇರಿಯು ಅದನ್ನು ಕೃಷಿಯೇತರ ಭೂಮಿಯೆಂದು ನಮೂದಿಸಿ ಕಡಿತ ಮಾಡಿರಬಹುದು. ಅಂಥವರಿಗೆ ಪಹಣಿ ಮತ್ತು ಪರಿಹಾರದ ಐತೀರ್ಪಿನ ಪ್ರತಿಯೇ ಮುಖ್ಯ ಆಧಾರ.

ನೋಟಿಸನ್ನು ಓದುವ ಬಗೆ

ಮೊದಲು ನೋಟಿಸು ನಿಜವೇ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಇಲಾಖೆಯ ಹೆಸರಿನಲ್ಲಿ ಮೋಸದ ಸಂದೇಶಗಳೂ ಬರುತ್ತವೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಎಂಬ ದಾಖಲೆ ಗುರುತು ಸಂಖ್ಯೆ ಕಡ್ಡಾಯ. ಆದಾಯ ತೆರಿಗೆ ಇ–ಫೈಲಿಂಗ್ ಪೋರ್ಟಲಿನ ಮುಖಪುಟದಲ್ಲೇ, ಲಾಗಿನ್ ಆಗದೆ, ಈ ಸಂಖ್ಯೆ ಹಾಕಿ ನೋಟಿಸಿನ ಸಾಚಾತನ ನೋಡಬಹುದು. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತಬೇಡಿ. ಪೋರ್ಟಲನ್ನು ನೀವೇ ತೆರೆಯಿರಿ. ಒಟಿಪಿ ಕೇಳುವ, ಯುಪಿಐಗೆ ಹಣ ಹಾಕಿ ಎನ್ನುವ ಕರೆಗಳಿಗೆ ಉತ್ತರವನ್ನೇ ಕೊಡಬೇಕಾಗಿಲ್ಲ.

ನಿಜವಾದ ಇಂಟಿಮೇಷನ್ ಪಿಡಿಎಫ್ ಬೀಗ ಹಾಕಿಕೊಂಡು ಬರುತ್ತದೆ. ನಿಮ್ಮ ಪ್ಯಾನ್‌ನ ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ ಬರೆದು, ಅದಕ್ಕೆ ತಾಗಿಸಿ ಹುಟ್ಟಿದ ದಿನ, ತಿಂಗಳು, ವರ್ಷವನ್ನು ಎಂಟು ಅಂಕಿಗಳಲ್ಲಿ ಹಾಕಿದರೆ ತೆರೆದುಕೊಳ್ಳುತ್ತದೆ. ಒಳಗಿನ ಕೋಷ್ಟಕದಲ್ಲಿ ಅಕ್ಕಪಕ್ಕ ಎರಡು ಅಂಕಣಗಳಿರುತ್ತವೆ. ಎಡಗಡೆಯದು ನೀವು ರಿಟರ್ನಿನಲ್ಲಿ ಕೊಟ್ಟ ಅಂಕಿ, ಬಲಗಡೆಯದು ಇಲಾಖೆ ಲೆಕ್ಕ ಹಾಕಿದ ಅಂಕಿ. ಕೊನೆಯ ಸಾಲಿನ ದೊಡ್ಡ ಮೊತ್ತವನ್ನು ನೋಡಿ ಎದೆಗುಂದುವ ಬದಲು, ಮೇಲಿನಿಂದ ಒಂದೊಂದೇ ಸಾಲಿನಲ್ಲಿ ಎರಡೂ ಅಂಕಣಗಳನ್ನು ಬೆರಳಿಟ್ಟು ಹೋಲಿಸುತ್ತಾ ಬನ್ನಿ. ಸಂಬಳ, ಇತರ ಆದಾಯ, ಕಳೆಯಬಹುದಾದ ಮೊತ್ತಗಳು, ಒಟ್ಟು ತೆರಿಗೆ ಇವೆಲ್ಲ ಒಂದೇ ಆಗಿದ್ದು, ಟಿಡಿಎಸ್ ಸಾಲಿನಲ್ಲಿ ಮಾತ್ರ 48,000 ಮತ್ತು 36,000 ಎಂದು ಬೇರೆಯಾಗಿದ್ದರೆ ವಿವಾದವೆಲ್ಲ ಆ ಒಂದು ಸಾಲಿನದು. ಅದರ ಕೆಳಗಿನ ಬಡ್ಡಿ ಅದರ ನೆರಳು. ಮೇಲಿನದು ಸರಿಯಾದರೆ ಅದೂ ಹೋಗುತ್ತದೆ.

ಮುಂದಿನ ಹೆಜ್ಜೆ 26ಎಎಸ್ ಪಟ್ಟಿಯನ್ನು ತೆರೆಯುವುದು. ಇದು ನಿಮ್ಮ ಪ್ಯಾನ್‌ಗೆ ಜಮೆಯಾಗಿರುವ ತೆರಿಗೆಯ ಪಾಸ್‌ಬುಕ್. ಇ–ಫೈಲಿಂಗ್ ಪೋರ್ಟಲಿನಿಂದ ಟ್ರೇಸಸ್ ಎಂಬ ಟಿಡಿಎಸ್ ಜಾಲತಾಣಕ್ಕೆ ಹೋಗಿ ಇದನ್ನು ನೋಡಬೇಕು. ಇಲ್ಲಿ ವರ್ಷವನ್ನು ಆರಿಸುವಾಗ ಅನೇಕರು ಎಡವುತ್ತಾರೆ: 2024–25ರಲ್ಲಿ ಗಳಿಸಿದ ಆದಾಯಕ್ಕೆ ತೆರಿಗೆ ನಿರ್ಧಾರಣಾ ವರ್ಷ 2025–26. ಪಟ್ಟಿಯಲ್ಲಿ ಕಡಿತ ಮಾಡಿದ ಕಚೇರಿಯ ಹೆಸರು, ಅದರ ಟ್ಯಾನ್ (ತೆರಿಗೆ ಕಡಿತ ಮಾಡುವವರ ಗುರುತು) ಸಂಖ್ಯೆ, ದಿನಾಂಕ, ಸಂದಾಯವಾದ ಮೊತ್ತ, ಕಡಿತವಾದ ತೆರಿಗೆ ಎಲ್ಲವೂ ಸಾಲುಸಾಲಾಗಿ ಇರುತ್ತವೆ. ಪ್ರತಿ ಸಾಲಿನ ಸ್ಥಿತಿಯನ್ನು ಸೂಚಿಸುವ ಒಂದು ಅಕ್ಷರವೂ ಇರುತ್ತದೆ. ‘ಎಫ್’ ಎಂದಿದ್ದರೆ ಜಮೆ ಖಚಿತ. ‘ಪಿ’ ಎಂಬುದು ಸರ್ಕಾರಿ ಕಚೇರಿಗಳ ಕಡಿತಕ್ಕೆ ಮಾತ್ರ ಬರುವ ತಾತ್ಕಾಲಿಕ ಜಮೆ. ‘ಯು’ ಎಂದಿದ್ದರೆ ಕಚೇರಿ ವಿವರ ಕೊಟ್ಟಿದೆ, ಆದರೆ ಹಣದ ಲೆಕ್ಕದೊಂದಿಗೆ ಅದು ತಾಳೆಯಾಗಿಲ್ಲ. ನಮ್ಮ ಶಿಕ್ಷಕಿಯ ಪಟ್ಟಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗಿನ ಸಾಲುಗಳೇ ಇರುವುದಿಲ್ಲ. ತಪ್ಪು ಯಾವ ಕಚೇರಿಯದು, ಯಾವ ತ್ರೈಮಾಸಿಕದ್ದು ಎಂಬುದು ಇಲ್ಲಿಗೆ ಗೊತ್ತಾಗಿಬಿಡುತ್ತದೆ.

ಇದೇ ಹೊತ್ತಿನಲ್ಲಿ ಫಾರ್ಮ್ 16 ತೆಗೆದು ನೋಡಬೇಕು. ಅದರ ‘ಎ’ ಭಾಗವನ್ನು ಕಚೇರಿಯು ಟ್ರೇಸಸ್ ತಾಣದಿಂದಲೇ ಇಳಿಸಿಕೊಂಡು ಕೊಡಬೇಕೆಂಬ ನಿಯಮವಿದೆ. ಅದರಲ್ಲಿ ಪ್ರಮಾಣಪತ್ರ ಸಂಖ್ಯೆಯೂ ತ್ರೈಮಾಸಿಕವಾರು ಕಡಿತದ ಪಟ್ಟಿಯೂ ಇರುತ್ತವೆ. ಕಚೇರಿಯಲ್ಲೇ ಟೈಪ್ ಮಾಡಿ ಮೊಹರು ಹಾಕಿಕೊಟ್ಟ ಹಾಳೆ ಸಂಬಳದ ವಿವರಕ್ಕೆ ಸಾಕಾದೀತು, ಆದರೆ ತೆರಿಗೆ ನಿಮ್ಮ ಪ್ಯಾನ್‌ಗೆ ಜಮೆಯಾಯಿತೆಂಬುದನ್ನು ಅದು ಹೇಳುವುದಿಲ್ಲ. ಈ ವ್ಯತ್ಯಾಸ ಗೊತ್ತಿದ್ದವರು ಜೂನ್ ತಿಂಗಳಲ್ಲೇ, ರಿಟರ್ನ್ ಸಲ್ಲಿಸುವ ಮೊದಲೇ, ಎಚ್ಚೆತ್ತುಕೊಳ್ಳುತ್ತಾರೆ.

ಬಡ್ಡಿಯಂಥ ಆದಾಯ ತಪ್ಪಾಗಿ ಅಥವಾ ಎರಡು ಸಲ ವರದಿಯಾಗಿದ್ದರೆ ನೋಡಬೇಕಾದದ್ದು ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ. ಅಲ್ಲಿ ಪ್ರತಿ ಸಾಲಿನ ಮುಂದೆ ನಿಮ್ಮ ಅಭಿಪ್ರಾಯ ದಾಖಲಿಸಬಹುದು: ಮಾಹಿತಿ ಪೂರ್ತಿ ಸರಿಯಿಲ್ಲ, ಇದು ಬೇರೆ ಪ್ಯಾನ್‌ಗೆ ಸೇರಿದ್ದು, ಇದು ಪುನರಾವರ್ತನೆ ಎಂಬಂಥ ಆಯ್ಕೆಗಳಿವೆ.

ಮೊದಲ 30 ದಿನ

ಗಾಬರಿಯಲ್ಲಿ ಜನ ಎರಡು ಬಗೆಯಾಗಿ ನಡೆದುಕೊಳ್ಳುತ್ತಾರೆ. ಕೆಲವರು ಉಸಾಬರಿಯೇ ಬೇಡವೆಂದು ಕಟ್ಟಿಬಿಡುತ್ತಾರೆ. ಇನ್ನು ಕೆಲವರು ತಪ್ಪು ನಮ್ಮದಲ್ಲವಲ್ಲ ಎಂದು ಸುಮ್ಮನಿರುತ್ತಾರೆ. ಮೊದಲನೆಯವರು ಒಂದೇ ತೆರಿಗೆಯನ್ನು ಎರಡು ಸಲ ಕಟ್ಟಿದಂತಾಗುತ್ತದೆ. ಎರಡನೆಯವರಿಗೆ 30 ದಿನ ಕಳೆದ ಮೇಲೆ 220(2) ಕಲಂನಡಿ ತಿಂಗಳಿಗೆ ಶೇಕಡಾ 1ರಂತೆ ಬಡ್ಡಿ ಬೆಳೆಯುತ್ತದೆ, ತಿಂಗಳಿನ ಒಂದು ಭಾಗವನ್ನೂ ಪೂರ್ತಿ ತಿಂಗಳೆಂದೇ ಎಣಿಸಲಾಗುತ್ತದೆ. ಮುಂದಿನ ವರ್ಷದ ರಿಫಂಡನ್ನು ಈ ಬಾಕಿಗೆ ಹೊಂದಿಸಿಕೊಳ್ಳುವ ಅಧಿಕಾರವೂ ಇಲಾಖೆಗಿದೆ.

ಆದ್ದರಿಂದ ಗಡುವಿನೊಳಗೆ ಪೋರ್ಟಲಿನಲ್ಲಿ ನಿಮ್ಮ ಅಸಮ್ಮತಿಯನ್ನು ದಾಖಲಿಸಬೇಕು. ಲಾಗಿನ್ ಆದ ಮೇಲೆ ‘ಪೆಂಡಿಂಗ್ ಆಕ್ಷನ್ಸ್’ ಕೆಳಗೆ ‘ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್’ ಎಂಬುದಿದೆ. ಅಲ್ಲಿ ಬೇಡಿಕೆ ಸರಿ ಎನ್ನುವ ಆಯ್ಕೆಯೂ, ಪೂರ್ತಿ ಅಥವಾ ಭಾಗಶಃ ಒಪ್ಪುವುದಿಲ್ಲ ಎನ್ನುವ ಆಯ್ಕೆಯೂ ಇರುತ್ತವೆ. ಸರಿ ಎಂದು ಒಮ್ಮೆ ಒತ್ತಿದರೆ ಮತ್ತೆ ಅಸಮ್ಮತಿ ಸೂಚಿಸಲು ಬರುವುದಿಲ್ಲ. ಆದ್ದರಿಂದ ಸೈಬರ್ ಸೆಂಟರಿನಲ್ಲಿ ಬೇರೊಬ್ಬರ ಕೈಯಲ್ಲಿ ಈ ಕೆಲಸ ಮಾಡಿಸುವವರು ಪರದೆಯನ್ನು ತಾವೇ ಓದಿ ನೋಡಬೇಕು. ಒಪ್ಪುವುದಿಲ್ಲ ಎಂದ ಮೇಲೆ ಕಾರಣವನ್ನು ಆರಿಸಿ, ಮೊತ್ತ ಬರೆದು, ಆಧಾರದ ಪ್ರತಿಗಳನ್ನು ಸೇರಿಸಬೇಕು. ಕಾರಣವನ್ನು ಎರಡು ಮೂರು ನೇರ ವಾಕ್ಯಗಳಲ್ಲಿ ಬರೆದರೆ ಸಾಕು: ಇಂಥ ಟ್ಯಾನ್ ಸಂಖ್ಯೆಯ ಕಚೇರಿ ಜನವರಿ, ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ತಲಾ 4,000 ರೂಪಾಯಿ ಕಡಿತ ಮಾಡಿದೆ, ಅದು 26ಎಎಸ್‌ನಲ್ಲಿ ಬಂದಿಲ್ಲ, ಸಂಬಳ ಚೀಟಿ ಲಗತ್ತಿಸಿದೆ ಎಂದು.

ಈ ಉತ್ತರ ಕೊಟ್ಟರೆ ಬಾಕಿ ಅಳಿಸಿಹೋಗುವುದಿಲ್ಲ. ವಿವಾದವಿದೆ ಎಂಬುದು ದಾಖಲಾಗುತ್ತದೆ, ಅಷ್ಟೇ. ಲೆಕ್ಕ ನಿಜವಾಗಿ ಬದಲಾಗಬೇಕಾದರೆ ತಿದ್ದುಪಡಿ ಆಗಬೇಕು.

ಮೊದಲು ಮೂಲ, ಆಮೇಲೆ ಅರ್ಜಿ

154ನೇ ಕಲಂ ಪ್ರಕಾರ, ದಾಖಲೆಯಿಂದಲೇ ಎದ್ದು ಕಾಣುವ ತಪ್ಪನ್ನು ತಿದ್ದುವಂತೆ ಅರ್ಜಿ ಹಾಕಬಹುದು. ಆದೇಶ ಬಂದ ಆರ್ಥಿಕ ವರ್ಷ ಮುಗಿದ ಮೇಲೆ ನಾಲ್ಕು ವರ್ಷದವರೆಗೆ ಇದಕ್ಕೆ ಅವಕಾಶವಿದೆ. ಅರ್ಜಿ ಸೇರಿದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ಅದನ್ನು ಇತ್ಯರ್ಥಪಡಿಸಬೇಕು. ಶುಲ್ಕವಿಲ್ಲ. ಇ–ಫೈಲಿಂಗ್ ಪೋರ್ಟಲಿನ ‘ರೆಕ್ಟಿಫಿಕೇಷನ್’ ವಿಭಾಗದಲ್ಲಿ ರಿಟರ್ನನ್ನು ಮತ್ತೊಮ್ಮೆ ಸಂಸ್ಕರಿಸಿ ಎನ್ನುವುದಕ್ಕೂ, ತೆರಿಗೆ ಜಮೆಯ ವ್ಯತ್ಯಾಸ ಸರಿಪಡಿಸಿ ಎನ್ನುವುದಕ್ಕೂ ಬೇರೆ ಬೇರೆ ಆಯ್ಕೆಗಳಿವೆ.

ಹೆಚ್ಚಿನವರ ಶ್ರಮ ವ್ಯರ್ಥವಾಗುವುದು ಈ ಹಂತದಲ್ಲಿ. 26ಎಎಸ್ ಇನ್ನೂ 36,000 ಎಂದೇ ತೋರಿಸುತ್ತಿರುವಾಗ ರಿಟರ್ನನ್ನು ಮತ್ತೆ ಸಂಸ್ಕರಿಸಿ ಎಂದರೆ, ಕಂಪ್ಯೂಟರ್ ಅದೇ ಪಟ್ಟಿಯನ್ನು ಮತ್ತೆ ನೋಡಿ ಅದೇ ಉತ್ತರ ಕೊಡುತ್ತದೆ. ಎಷ್ಟು ಸಲ ಅರ್ಜಿ ಹಾಕಿದರೂ ಫಲ ಒಂದೇ. ಇಲಾಖೆಯ ಕಣ್ಣಿಗೆ ಬೀಳುವ ದಾಖಲೆ ಮೊದಲು ಬದಲಾಗಬೇಕು, ಮತ್ತು ಅದನ್ನು ಬದಲಾಯಿಸುವ ಅಧಿಕಾರ ಸಿಪಿಸಿಗೂ ಇಲ್ಲ, ನಿಮಗೂ ಇಲ್ಲ. ಆ ಪಟ್ಟಿಯನ್ನು ಸಲ್ಲಿಸಿದ ಕಚೇರಿಗೆ ಮಾತ್ರ ಇದೆ. ಆದ್ದರಿಂದ ಮೊದಲ ಅರ್ಜಿ ಹೋಗಬೇಕಾದದ್ದು ನಿಮ್ಮ ಡಿಡಿಒಗೆ, ಅಥವಾ ಬ್ಯಾಂಕಿನ ಶಾಖೆಗೆ.

ಆ ಅರ್ಜಿಯನ್ನು ಬಾಯಿಮಾತಿನಲ್ಲಿ ಮುಗಿಸಬಾರದು. ಸಂಬಂಧಪಟ್ಟ ಗುಮಾಸ್ತರು ಒಳ್ಳೆಯ ಪರಿಚಯದವರೇ ಆಗಿದ್ದರೂ ಬರಹದಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಇಟ್ಟುಕೊಳ್ಳಬೇಕು. ಮುಂದೆ ಇದೇ ನಿಮ್ಮ ಸಾಕ್ಷ್ಯ. ಪ್ಯಾನ್ ಸಂಖ್ಯೆ, ತಿಂಗಳುವಾರು ಕಡಿತ, ಸಂಬಳ ಚೀಟಿಗಳ ಪ್ರತಿ, 26ಎಎಸ್ ಪ್ರತಿ, ಇಂಟಿಮೇಷನ್ ಪ್ರತಿ ಇವನ್ನು ಸೇರಿಸಿ, ಆ ತ್ರೈಮಾಸಿಕದ 24ಕ್ಯೂ ನಮೂನೆಗೆ ತಿದ್ದುಪಡಿ ಪಟ್ಟಿ ಸಲ್ಲಿಸುವಂತೆ ಸ್ಪಷ್ಟವಾಗಿ ಕೋರಬೇಕು. ‘ಟಿಡಿಎಸ್ ಸರಿಪಡಿಸಿ’ ಎಂದಷ್ಟೇ ಬರೆದರೆ ಯಾವ ಪಟ್ಟಿ, ಯಾವ ತಪ್ಪು ಎಂದು ಹುಡುಕುವುದರಲ್ಲೇ ಕಾಲ ಹೋಗುತ್ತದೆ. ಬಹಳ ಕಚೇರಿಗಳು ಈ ಕೆಲಸವನ್ನು ಹೊರಗಿನ ಆಡಿಟರಿಗೆ ವಹಿಸಿರುತ್ತವೆ; ಹಾಗಿದ್ದರೂ ಹೊಣೆ ಕಚೇರಿಯದೇ. ಪಟ್ಟಿ ತಡವಾಗಿ ಸಲ್ಲಿಸಿದರೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುವುದೂ ಕಚೇರಿಯ ಮೇಲೆಯೇ ಹೊರತು ನೌಕರರ ಮೇಲಲ್ಲ. ಈ ತಿದ್ದುಪಡಿಗೆ ಹಿಂದೆ ಕಾಲಮಿತಿ ಇರಲಿಲ್ಲ. 2024ರಲ್ಲಿ ಆದ ಬದಲಾವಣೆಯಿಂದ ಕಾಲಮಿತಿ ಬಂದಿದೆ. ಹಳೆಯ ವರ್ಷದ ತಪ್ಪಾದರೆ ವಿಳಂಬ ಮಾಡುವಂತಿಲ್ಲ.

ತಿದ್ದುಪಡಿ ಪಟ್ಟಿ ಅಂಗೀಕಾರವಾದ ಮೇಲೆ 26ಎಎಸ್‌ನಲ್ಲಿ ಹೊಸ ಸಾಲುಗಳು ಬರುತ್ತವೆ. ಅವನ್ನು ಕಣ್ಣಾರೆ ನೋಡಿಕೊಂಡು ಆಮೇಲೆ ಸಿಪಿಸಿಗೆ ತಿದ್ದುಪಡಿ ಅರ್ಜಿ ಹಾಕಿದರೆ, ಆಗ ಅದೇ ಕಂಪ್ಯೂಟರ್ 48,000ವನ್ನು ಒಪ್ಪಿಕೊಂಡು ಬಾಕಿಯನ್ನೂ ಅದರ ಬಡ್ಡಿಯನ್ನೂ ತೆಗೆದುಹಾಕುತ್ತದೆ. ಬೇಡಿಕೆಯನ್ನು ಸಿಪಿಸಿಯ ಬದಲು ನಿಮ್ಮ ವ್ಯಾಪ್ತಿಯ ತೆರಿಗೆ ನಿರ್ಧಾರಣಾ ಅಧಿಕಾರಿ ಹೊರಡಿಸಿದ್ದರೆ ಅರ್ಜಿ ಅವರಿಗೆ ಹೋಗಬೇಕು. ಆ ಅಧಿಕಾರಿ ಯಾರೆಂದು ಪೋರ್ಟಲಿನಲ್ಲೇ ಪ್ಯಾನ್ ಹಾಕಿ ತಿಳಿಯಬಹುದು. ಊರು ಬದಲಾಯಿಸಿದವರ ಪ್ಯಾನ್ ಹಳೆಯ ಊರಿನ ಅಧಿಕಾರಿಯ ವ್ಯಾಪ್ತಿಯಲ್ಲೇ ಉಳಿದಿರುವುದುಂಟು.

ಕಚೇರಿ ತಿದ್ದದೆ ಹೋದರೆ

ಇಲ್ಲಿ ಕಾನೂನು ನೌಕರರ ಪಕ್ಷದಲ್ಲಿ ಗಟ್ಟಿಯಾಗಿ ನಿಂತಿದೆ, ಆದರೂ ಇದು ಗೊತ್ತಿರುವವರು ಕಡಿಮೆ. 205ನೇ ಕಲಂ ಹೇಳುವುದು ಇಷ್ಟು: ಆದಾಯದಿಂದ ಎಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಿದೆಯೋ ಅಷ್ಟರ ಮಟ್ಟಿಗೆ ಅದನ್ನು ಮತ್ತೆ ಕಟ್ಟುವಂತೆ ಆದಾಯ ಪಡೆದವರನ್ನು ಕೇಳುವಂತಿಲ್ಲ. ಕಡಿತ ಮಾಡಿದವರು ಹಣ ಕಟ್ಟದೆ ಇಟ್ಟುಕೊಂಡಿದ್ದರೂ ಇಲಾಖೆ ವಸೂಲಿಗೆ ಹೋಗಬೇಕಾದದ್ದು ಅವರ ಬಳಿಗೆ. ಕರ್ನಾಟಕ ಹೈಕೋರ್ಟ್ ಕೂಡ ಈ ತತ್ವವನ್ನು ಎತ್ತಿಹಿಡಿದಿದೆ.

2013ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪು ಈ ವಿಷಯದಲ್ಲಿ ಮಹತ್ವದ್ದು. ತೆರಿಗೆದಾರರ ಸಂಕಷ್ಟವನ್ನು ವಿವರಿಸಿ ಲೆಕ್ಕ ಪರಿಶೋಧಕರೊಬ್ಬರು ಬರೆದ ಪತ್ರವನ್ನೇ ನ್ಯಾಯಾಲಯ ಅರ್ಜಿಯಾಗಿ ಪರಿಗಣಿಸಿ ವಿಚಾರಣೆ ನಡೆಸಿತ್ತು. ತೆರಿಗೆ ಜಮೆಯ ವ್ಯತ್ಯಾಸಕ್ಕೆ ತೆರಿಗೆದಾರರನ್ನು ಅಲೆದಾಡಿಸಬಾರದೆಂಬ ನಿರ್ದೇಶನಗಳು ಅದರಲ್ಲಿ ಬಂದವು. ಅದರ ಬೆನ್ನಿಗೇ ಕೇಂದ್ರ ನೇರ ತೆರಿಗೆ ಮಂಡಳಿಯು 2013ರ 5ನೇ ಸಂಖ್ಯೆಯ ಸೂಚನೆ ಹೊರಡಿಸಿ, ತೆರಿಗೆದಾರರು ಟಿಡಿಎಸ್ ಪ್ರಮಾಣಪತ್ರದ ಆಧಾರ ತೋರಿಸಿದರೆ ಅಧಿಕಾರಿಯು ಹಣ ಸರ್ಕಾರಕ್ಕೆ ಸೇರಿದೆಯೇ ಎಂದು ತಾನೇ ಪರಿಶೀಲಿಸಿ ಜಮೆ ಕೊಡಬೇಕೆಂದಿತು. 2015ರ ಜೂನ್ 1ರ ಪತ್ರದಲ್ಲೂ 2016ರ ಮಾರ್ಚ್ 11ರ ಜ್ಞಾಪನದಲ್ಲೂ, ಕಡಿತ ಮಾಡಿದವರು ಹಣ ಕಟ್ಟದೆ ಹುಟ್ಟಿದ ಬೇಡಿಕೆಯನ್ನು ತೆರಿಗೆದಾರರಿಂದ ಬಲವಂತವಾಗಿ ವಸೂಲು ಮಾಡಬಾರದೆಂದು ಮಂಡಳಿ ಮತ್ತೆ ತಿಳಿಸಿತು.

ಕಚೇರಿಗೆ ಬರೆದು ಕಾದರೂ ತಿದ್ದುಪಡಿ ಆಗದಿದ್ದಾಗ ತೆರಿಗೆ ನಿರ್ಧಾರಣಾ ಅಧಿಕಾರಿಗೆ ಅರ್ಜಿ ಕೊಡಿ. ಅದರಲ್ಲಿ 205ನೇ ಕಲಂ ಮತ್ತು ಈ ಸೂಚನೆಗಳನ್ನು ದಿನಾಂಕದೊಂದಿಗೆ ಉಲ್ಲೇಖಿಸಿ. ಸಂಬಳ ಚೀಟಿ, ಸಂಬಳ ಜಮೆಯಾದ ಬ್ಯಾಂಕ್ ಖಾತೆಯ ಪ್ರತಿ, ಕಚೇರಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಇರಬೇಕು. ಕಡಿತ ನಡೆದಿತ್ತೆಂದು ತೋರಿಸುವ ಭಾರ ನಿಮ್ಮದೇ ಆದ್ದರಿಂದ ಸಂಬಳ ಚೀಟಿಯನ್ನು ಎಸೆಯದೆ ಇಟ್ಟುಕೊಂಡವರಿಗೆ ಈ ದಾರಿ ಬಹಳ ಸಲೀಸು.

ಮೇಲ್ಮನವಿಯ ಗಡಿಯಾರ ಪ್ರತ್ಯೇಕ

ತಿದ್ದುಪಡಿ ಅರ್ಜಿ ಹಾಕಿದ್ದೇವೆ, ಉತ್ತರ ಬರಲಿ, ಆಮೇಲೆ ಬೇಕಾದರೆ ಮೇಲ್ಮನವಿ ಎಂದುಕೊಳ್ಳುವುದರಲ್ಲಿ ಅಪಾಯವಿದೆ. ಇಂಟಿಮೇಷನ್ ವಿರುದ್ಧ ಮೇಲ್ಮನವಿಗೆ ಇರುವ ಕಾಲ ನೋಟಿಸು ತಲುಪಿದ ದಿನದಿಂದ 30 ದಿನ. ತಿದ್ದುಪಡಿ ಅರ್ಜಿ ಬಾಕಿಯಿದೆ ಎಂಬ ಕಾರಣಕ್ಕೆ ಈ ಎಣಿಕೆ ನಿಲ್ಲುವುದಿಲ್ಲ. 26ಎಎಸ್ ತಿದ್ದಿದರೆ ಮುಗಿಯುವಂಥ ಸರಳ ವಿಷಯಕ್ಕೆ ತಿದ್ದುಪಡಿಯೇ ಸಾಕು. ಆದರೆ ಮೊತ್ತ ದೊಡ್ಡದಿದ್ದರೆ, ಅಥವಾ ವಿನಾಯಿತಿಯೊಂದು ಸಲ್ಲುತ್ತದೆಯೇ ಇಲ್ಲವೇ ಎಂಬ ಕಾನೂನಿನ ವ್ಯಾಖ್ಯಾನದ ಪ್ರಶ್ನೆಯಿದ್ದರೆ, ಅದು ಎದ್ದು ಕಾಣುವ ತಪ್ಪಲ್ಲ ಎಂದು 154ರ ಅರ್ಜಿ ತಿರಸ್ಕಾರವಾಗಬಹುದು. ಅಂಥವರು ಎರಡನ್ನೂ ಜೊತೆಯಲ್ಲೇ ನಡೆಸುವುದು ಕ್ಷೇಮ.

ಮೇಲ್ಮನವಿಯನ್ನು ಫಾರ್ಮ್ 35ರಲ್ಲಿ ಆನ್‌ಲೈನ್ ಮೂಲಕವೇ ಸಲ್ಲಿಸಬೇಕು. ನಿರ್ಧರಿತ ಆದಾಯ 1 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ 250, 2 ಲಕ್ಷದವರೆಗೆ 500, ಅದಕ್ಕೂ ಮೇಲ್ಪಟ್ಟರೆ 1,000 ರೂಪಾಯಿ. ಗಡುವು ದಾಟಿದ್ದರೆ ತಡವಾದದ್ದಕ್ಕೆ ಸಕಾರಣ ಬರೆದು ಮನ್ನಿಸುವಂತೆ ಕೋರಲು ಅವಕಾಶವಿದೆ. ಮೇಲ್ಮನವಿ ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ. 220(6) ಕಲಂನಡಿ ತಡೆ ಕೋರಿ ಬೇರೆ ಅರ್ಜಿ ಕೊಡಬೇಕು. ಸಾಮಾನ್ಯವಾಗಿ ವಿವಾದಿತ ಮೊತ್ತದ ಶೇಕಡಾ 20ನ್ನು ಕಟ್ಟಿಸಿಕೊಂಡು ತಡೆ ಕೊಡುತ್ತಾರೆ, ಆದರೆ ಪ್ರಕರಣ ನೋಡಿ ಇದನ್ನು ಕಡಿಮೆ ಮಾಡುವ ಅಧಿಕಾರವೂ ಇದೆ.

ರಿಫಂಡ್ ಹಿಡಿದುಕೊಂಡಾಗ, ಹಳೆಯ ಬಾಕಿ ಎದ್ದಾಗ

ಈ ವರ್ಷದ ರಿಫಂಡನ್ನು ಹಿಂದಿನ ಯಾವುದೋ ವರ್ಷದ ಬಾಕಿಗೆ ಹೊಂದಿಸಿಕೊಳ್ಳುವ ಮುನ್ನ ಇಲಾಖೆಯು 245ನೇ ಕಲಂನಡಿ ತಿಳಿವಳಿಕೆ ಪತ್ರ ಕಳಿಸಬೇಕು. ಅದಕ್ಕೆ 21 ದಿನದೊಳಗೆ ಉತ್ತರಿಸಬೇಕು. ಸುಮ್ಮನಿದ್ದರೆ ಒಪ್ಪಿಕೊಂಡಂತೆ ಭಾವಿಸಿ ಹೊಂದಾಣಿಕೆ ಮಾಡುತ್ತಾರೆ. ನಿವೃತ್ತರಿಗೆ ಹತ್ತು ಹದಿನೈದು ವರ್ಷ ಹಿಂದಿನ ಬಾಕಿ ಮೊದಲ ಬಾರಿಗೆ ಗೊತ್ತಾಗುವುದು ಹೆಚ್ಚಾಗಿ ಈ ಪತ್ರದಿಂದಲೇ.

ತೀರಾ ಹಳೆಯ ಸಣ್ಣ ಬಾಕಿಗಳಾದರೆ ಇನ್ನೊಂದು ಸಂಗತಿ ನೆನಪಿನಲ್ಲಿರಲಿ. ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿರುವ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ 2024ರ ಫೆಬ್ರುವರಿಯ ಮಧ್ಯಂತರ ಬಜೆಟಿನಲ್ಲಿ, 2009–10ರವರೆಗಿನ 25,000 ರೂಪಾಯಿವರೆಗಿನ ಬಾಕಿಗಳನ್ನೂ 2010–11ರಿಂದ 2014–15ರವರೆಗಿನ 10,000 ರೂಪಾಯಿವರೆಗಿನ ಬಾಕಿಗಳನ್ನೂ ಕೈಬಿಡುವುದಾಗಿ ಪ್ರಕಟಿಸಿದ್ದರು. ಒಬ್ಬ ತೆರಿಗೆದಾರರಿಗೆ ಒಟ್ಟು 1 ಲಕ್ಷ ರೂಪಾಯಿಯ ಮಿತಿಯಿಟ್ಟು ಇದು ಜಾರಿಯಾಯಿತು. ಈ ಮಿತಿಯೊಳಗಿನ ಬಾಕಿ ಪೋರ್ಟಲಿನಲ್ಲಿ ಇನ್ನೂ ಕಾಣುತ್ತಿದ್ದರೆ ಅದನ್ನು ಎತ್ತಿ ಕೇಳಬೇಕು.

ಯಾರನ್ನು ಕೇಳುವುದು

ಸಿಪಿಸಿಯ ಸಹಾಯವಾಣಿ 1800 103 0025. ಅರ್ಜಿ ಹಾಕಿಯೂ ಉತ್ತರ ಬಾರದಿದ್ದರೆ ಪೋರ್ಟಲಿನ ‘ಗ್ರೀವೆನ್ಸಸ್’ ವಿಭಾಗದಲ್ಲಿ ಇ–ನಿವಾರಣ್ ದೂರು ದಾಖಲಿಸಬಹುದು. ಕೇಂದ್ರ ಸರ್ಕಾರದ ಸಿಪಿಗ್ರಾಮ್ಸ್ ತಾಣದಲ್ಲಿಯೂ ಅವಕಾಶವಿದೆ. ಕಂಪ್ಯೂಟರ್ ಬಳಕೆ ಕಷ್ಟವೆನ್ನುವವರು ಮೈಸೂರು, ಮಂಡ್ಯದ ಆದಾಯ ತೆರಿಗೆ ಕಚೇರಿಗೆ ನೇರವಾಗಿ ಹೋಗಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬಹುದು. ಹೋಗುವಾಗ ಇಂಟಿಮೇಷನ್, ಆ ವರ್ಷದ ರಿಟರ್ನಿನ ಪ್ರತಿ, 26ಎಎಸ್, ಸಂಬಳ ಚೀಟಿಗಳು ಜೊತೆಯಲ್ಲಿರಲಿ. ಟಿಡಿಎಸ್ ಸಾಲಷ್ಟೇ ವಿವಾದವಾಗಿದ್ದರೆ ಇಷ್ಟೂ ಕೆಲಸವನ್ನು ಆಡಿಟರ್ ನೆರವಿಲ್ಲದೆ ಮಾಡಬಹುದು. ಮೇಲ್ಮನವಿಗೆ ಹೋಗುವುದಾದರೆ ಅವರ ಸಲಹೆಗೆ ಕೊಡುವ ಹಣ ದಂಡವಾಗುವುದಿಲ್ಲ.

ತಿದ್ದುಪಡಿ ಆದೇಶ ಕೈಸೇರಿದ ಮೇಲೆ ಪೋರ್ಟಲಿನ ಬಾಕಿ ಪಟ್ಟಿಯನ್ನು ಮತ್ತೊಮ್ಮೆ ತೆರೆದು, ಆ ವರ್ಷದ ಎದುರು ಸೊನ್ನೆ ಬಂದಿದೆಯೇ ನೋಡಬೇಕು. ಈ ನಡುವೆ ನೀವು ಹಣ ಕಟ್ಟಿದ್ದರೆ ಅಥವಾ ರಿಫಂಡಿನಿಂದ ಹಿಡಿದುಕೊಂಡಿದ್ದರೆ ಅದು ಮರುಪಾವತಿಯಾಗಬೇಕು. ಅದಕ್ಕೆ 244ಎ ಕಲಂನಡಿ ತಿಂಗಳಿಗೆ ಶೇಕಡಾ ಅರ್ಧದಂತೆ ಬಡ್ಡಿಯೂ ಸಲ್ಲುತ್ತದೆ. ಆ ಬಡ್ಡಿ ಬಂದ ವರ್ಷದ ರಿಟರ್ನಿನಲ್ಲಿ ಅದನ್ನು ಇತರ ಆದಾಯವಾಗಿ ತೋರಿಸಬೇಕು.